ಧೂಳು ಬೀಳದ ಕೋಣೆ

ಅಗೋ ಇಳಿಯುತ್ತಿದೆ, ಕಿಟಕಿಯಿಂದ ಬಿದ್ದ ಬಿಸಿಲಿನ ಪಟ್ಟಿಯೊಳಗೆ ಒಂದು ಎಳೆ, ಹತ್ತಿಯದೋ ಉಣ್ಣೆಯದೋ ಯಾರ ತಲೆಯಿಂದ ಉದುರಿದ್ದೋ, ಅವಸರವೇ ಇಲ್ಲದೆ, ಮನೆ ಹುಡುಕಿಕೊಂಡು ಬಂದ ನೆಂಟರ ಹಾಗೆ ಅತ್ತ ಒಮ್ಮೆ ಇತ್ತ ಒಮ್ಮೆ ತಿರುಗಿ, ತಂತಿಗೆ ನೇತುಹಾಕಿದ ಮೂರನೆಯ ಬ್ಲೇಡಿನ ಕಡೆಗೇ ಬರುತ್ತಿದೆ, ಬಣ್ಣ ಇನ್ನೂ ಹಸಿ, ಅವನು ಉಸಿರು ಬಿಗಿಹಿಡಿದ, ಊದಿದರೆ ಇನ್ನೂ ನಾಲ್ಕು ಬೀಳುತ್ತವೆ, ಕೈ ಬೀಸಿದರೆ ಎಂಟು, ನೋಡುತ್ತ ಕೂರಬೇಕು ಅಷ್ಟೇ — ಕೂತಿತು. ಹಸಿರು ಬೆನ್ನಿನ ನಟ್ಟನಡುವೆ, ಹೇಳಿ ಮಾಡಿಸಿದ ಹಾಗೆ. ಕೀಳಲು ಹೋದರೆ ಗೀರು ಬೀಳುತ್ತದೆ, ಬಿಟ್ಟರೆ ಗಂಟಾಗುತ್ತದೆ, ಇಪ್ಪತ್ತೆರಡು ವರ್ಷಗಳಲ್ಲಿ ಈ ಕೋಣೆಯಲ್ಲಿ ಧೂಳು ಬೀಳುವುದನ್ನು ಅವನು ಹೀಗೆ ಕಣ್ಣಾರೆ ಕಂಡಿದ್ದೇ ಇಲ್ಲ, ಕಾಣುವುದಾದರೂ ಹೇಗೆ, ಕಿಟಕಿ ತೆರೆದಿದ್ದರೆ ತಾನೆ. ಇವತ್ತು ಬೆಳಗ್ಗೆ ತೆರೆದ, ಚೌಕಟ್ಟಿನ ಸಂದಿಯಲ್ಲಿ ಪದರದ ಮೇಲೆ ಪದರವಾಗಿ ಗಟ್ಟಿಯಾಗಿ ಕೂತಿದ್ದ ಬಣ್ಣವನ್ನು ಒಂದು ಗಂಟೆ ಕೆರೆದು, ಬಿಳಿ, ಅದರ ಕೆಳಗೆ ಕೆಂಪು, ಅದರ ಕೆಳಗೆ ಯಾವುದೋ ಕಾಲದ ಹಳದಿ, ಕೊನೆಗೆ ಚಿಲಕಕ್ಕೆ ಸುತ್ತಿಗೆಯಿಂದ ಎರಡು ಬಿಟ್ಟ ಮೇಲೆ ಅದು ಕಿರ್ರೆಂದು ಕಿರುಚಿ ತೆರೆದುಕೊಂಡಿತು, ಗಾಳಿ ಬಂತು, ಬೀದಿಯ ಸದ್ದು ಬಂತು, ಯಾರದೋ ಬೈಕಿನ ಹೊಗೆಯೂ ಬಂತು, ಇಷ್ಟು ಸುಲಭವಾಗಿತ್ತೇ ಎಂದು ಅವನು ಸುತ್ತಿಗೆ ಹಿಡಿದು ಪೆದ್ದನ ಹಾಗೆ ನಿಂತುಬಿಟ್ಟಿದ್ದ.

ಹನ್ನೆರಡು ಬ್ಲೇಡು. ಬ್ಲೇಡೆಂದರೆ ಗಡ್ಡ ಹೆರೆಯುವುದಲ್ಲ, ಹೆಬ್ಬೆರಳಿನಷ್ಟು ಉದ್ದದ, ಎಲೆಯ ಆಕಾರದ ತಗಡು, ಗಾಳದ ಮುಂದೆ ಸಿಕ್ಕಿಸಿ ನೀರಿನಲ್ಲಿ ಎಳೆದರೆ ಗಿರಗಿರನೆ ತಿರುಗಿ ಮಿನುಗುತ್ತದೆ, ದೊಡ್ಡ ಮೀನು ಅದನ್ನು ಚಿಕ್ಕ ಮೀನು ಅಂದುಕೊಂಡು ಬಾಯಿ ಹಾಕುತ್ತದೆ. ಮೀನಿಗೆ ಸುಳ್ಳು ಹೇಳೋ ಕಸುಬು ನಮ್ದು ಕಣಣ್ಣಾ ಅನ್ನುತ್ತಿದ್ದ ಚಿಕ್ಕೋನು, ನಗುತ್ತಿದ್ದ, ಆಗ ನಗುವಷ್ಟು ಉಸಿರಿತ್ತು ಅವನಿಗೆ. ಚಿಕ್ಕೋನು ಅಂದರೆ ಐವತ್ತೊಂದು ವರ್ಷದ ತಮ್ಮ, ಗೋಡೆಯ ಆಚೆ ಮಂಚದ ಮೇಲೆ ಮೂರು ದಿಂಬಿಗೆ ಒರಗಿ ಕೂತಿದ್ದಾನೆ, ಮಲಗಿದರೆ ಉಸಿರು ಕಟ್ಟುತ್ತದೆ, ಮೂಗಿನ ಕೆಳಗೆ ಎರಡು ತೂತಿನ ಕೊಳವೆ, ಕೊಳವೆಯ ತುದಿಗೆ ಆಕ್ಸಿಜನ್ ಮಶೀನು, ಅದು ಗುರ್ ಅನ್ನುತ್ತದೆ, ಟಕ್ ಅನ್ನುತ್ತದೆ, ಮತ್ತೆ ಗುರ್, ಇಡೀ ಮನೆ ಈಗ ಅದರ ತಾಳಕ್ಕೆ ಓಡಾಡುತ್ತದೆ, ಟಕ್ ಅನ್ನುವುದು ಒಂದು ಕ್ಷಣ ತಡವಾದರೂ ಅಡುಗೆಮನೆಯಲ್ಲಿ ಪಾತ್ರೆ ಉಜ್ಜುವ ಸದ್ದು ನಿಲ್ಲುತ್ತದೆ, ತಮ್ಮನ ಹೆಂಡತಿ ಕಿವಿಗೊಟ್ಟಿದ್ದಾಳೆ ಅಂತ ಅರ್ಥ. ಧೂಳಿನ ಭಯಕ್ಕೆ ಈ ಕೋಣೆಯೊಳಗೆ ಅವಳನ್ನು ಯಾವತ್ತೂ ಬಿಟ್ಟದ್ದಿಲ್ಲ, ಅವಳೇ ಬೆಳಗ್ಗೆ ಬಾಗಿಲಲ್ಲಿ ನಿಂತು ಕೇಳಿದ್ದು, ಕೈಯಲ್ಲಿ ಆಸ್ಪತ್ರೆಯ ಕಡತ, ಭಾವ ಒಂದ್ ಮಾತು, ಡಾಕ್ಟರಮ್ಮ ಮತ್ತೆ ಅದನ್ನೇ ಕೇಳ್ತಿದಾರೆ, ಹಳೇ ಡಾಕ್ಟರು ಬರೆದಿರೋ ಚೀಟೀಲಿ ಗಾಳಿಯಾಡೋ ಕೋಣೆ ಅಂತಿದೆಯಂತೆ, ಗಾಳಿಯಾಡೋ ಕೋಣೇಲಿ ಕೂತೋರ ಎದೆ ಹೀಗಾಗಲ್ಲ ಅಂತಾರೆ ಅವರು, ಕಿಟಕಿ ತೆರೆದೇ ಇರ್ತಿತ್ತು ತಾನೆ? ಅವನು ಎಮರಿ ಕಾಗದ ಕತ್ತರಿಸುತ್ತಿದ್ದ, ತಲೆ ಎತ್ತಲಿಲ್ಲ. ಹೂಂ ಅಂದ. ಅಷ್ಟೇ, ಹೂಂ, ಎರಡನೇ ಸಲ ಅದೇ ಸುಳ್ಳು, ಮೊದಲನೇ ಸಲಕ್ಕಿಂತ ಚಿಕ್ಕದು, ಬಾಯಿ ಕೂಡ ತೆರೆಯಬೇಕಾಗಿಲ್ಲ. ಅವಳು ಹೋದಳು. ಅವನು ಸುತ್ತಿಗೆ ಹುಡುಕಿದ.

ಮೂರನೆಯದು ಹಾಳಾಯಿತು, ನಾಲ್ಕನೆಯದರ ಮೇಲೂ ಒಂದು ಚುಕ್ಕೆ, ಇರಲಿ, ಹೊಡೆಯುತ್ತ ಹೋಗಬೇಕು, ಕೈ ಸುಮ್ಮನಿದ್ದರೆ ತಲೆ ಓಡುತ್ತದೆ. ಮೊದಲು ಎಮರಿ ಕಾಗದದಿಂದ ಉಜ್ಜು, ತಗಡಿನ ಹೊಳಪು ಸಾಯಬೇಕು, ಹೊಳಪಿನ ಮೇಲೆ ಬಣ್ಣ ಹಿಡಿಯುವುದಿಲ್ಲ, ಆಮೇಲೆ ಥಿನ್ನರ್ ಬಟ್ಟೆಯಿಂದ ಒರೆಸು, ಒರೆಸಿದ ಮೇಲೆ ಬೆರಳು ತಾಕಿಸಿದೆಯೋ ಕೆಟ್ಟೆ, ಬೆರಳಿನ ಜಿಡ್ಡು ಕಣ್ಣಿಗೆ ಕಾಣುವುದಿಲ್ಲ, ನೀರಿಗೆ ಬಿದ್ದ ಹತ್ತನೇ ದಿನ ಅಲ್ಲೇ ಸಿಪ್ಪೆ ಏಳುತ್ತದೆ. ಪ್ರೈಮರ್, ಬಿಳಿ, ಬಿಳಿಯ ಮೇಲೆ ಬಣ್ಣ. ಇದನ್ನೆಲ್ಲ ಯಾರು ಹೇಳಿಕೊಟ್ಟರು, ಯಾರೂ ಇಲ್ಲ, ಕೆಡಿಸಿ ಕೆಡಿಸಿ ಕಲಿತದ್ದು, ಮೊದಲು ಕೆಡಿಸಿದ್ದು ಅಮ್ಮನ ಚಮಚಗಳನ್ನು. ಹಿಡಿ ಕತ್ತರಿಸಿ, ತುದಿಗೆ ತೂತು ಕೊರೆದು, ಅಮ್ಮನ ಉಗುರುಬಣ್ಣವನ್ನೇ ಕದ್ದು ಬಳಿದು, ಆರಕ್ಕೆ ಆರೂ ಮುಗಿದ ಮೇಲೆ ಅಮ್ಮ ಸೌಟು ಹಿಡಿದು ಅಂಗಳಕ್ಕೆ ಬಂದಿದ್ದಳು, ಲೋ ದೊಡ್ಡೋನೆ, ಚಮಚ ಎಲ್ಲೋ, ಮೀನಿಗೆ ಊಟ ಬಡಿಸೋಕೆ ಹೋಗಿದ್ರೇನೋ ಇಬ್ರೂ? ಆ ಮಾತಿಗೆ ಅಪ್ಪ ಒಂದು ವಾರ ನಕ್ಕಿದ್ದ. ಆದರೆ ಆ ಕೆಂಪು ಚಮಚಕ್ಕೆ ಮೊಳದುದ್ದದ ಮೀನು ಬಿದ್ದಿತ್ತು, ಅಮ್ಮ ಅದನ್ನು ಹುರಿಯುತ್ತ ಚಮಚದ ಸುದ್ದಿ ಮರೆತಳು, ಅಲ್ಲಿಂದ ಶುರು. ಅವನು ಗಾಡಿಗಳ ನಂಬರ್ ಪ್ಲೇಟು ಬರೆಯುವವನಾದ, ತಮ್ಮ ಕಾರಿಗೆ ಬಣ್ಣ ಹೊಡೆಯುವ ಅಂಗಡಿಗೆ ಸೇರಿದ, ಸಂಜೆ ಇಬ್ಬರೂ ಈ ಕೋಣೆಗೆ, ಆಮೇಲೆ ಆ ಕೆಲಸಗಳನ್ನೂ ಬಿಟ್ಟು ಇಡೀ ದಿನ ಈ ಕೋಣೆಗೆ. ಗಾಳ ಹಾಕುವವರು ಹುಡುಕಿಕೊಂಡು ಬರತೊಡಗಿದರು, ಬ್ಲೇಡು ತಿರುಗಿಸಿ ಅದರಲ್ಲಿ ತಮ್ಮ ಮೀಸೆ ನೋಡಿಕೊಳ್ಳುವರು, ಏನ್ರೀ ಇದು ಕನ್ನಡೀನಾ ಅನ್ನುವರು, ಅಲ್ಲಿಂದ ಇಬ್ಬರಿಗೂ ಕನ್ನಡಿ ಬ್ರದರ್ಸ್ ಅಂತಲೇ ಹೆಸರು ಬಿತ್ತು. ಆ ಹೆಸರು ಅವನ ತಲೆಗೇರಿತ್ತು, ಒಪ್ಪಿಕೊಳ್ಳಲಿ ಈಗಲಾದರೂ, ಅವನು ಮದುವೆ ಮಾಡಿಕೊಳ್ಳಲಿಲ್ಲ, ಮನೆ ಕಟ್ಟಲಿಲ್ಲ, ಅವನಿಗೆ ಇದ್ದದ್ದು ಅದೊಂದೇ ಹೆಸರು.

ಕನ್ನಡಿಗೆ ಧೂಳು ಶತ್ರು. ಅದಕ್ಕೇ ಮೊದಲು ಕಿಟಕಿಗೆ ಒದ್ದೆ ಚೀಲ, ಆಮೇಲೆ ಪ್ಲಾಸ್ಟಿಕ್ಕು, ಆಮೇಲೆ ಒಂದು ದಿನ ಅವನೇ ಕುಂಚ ತೆಗೆದುಕೊಂಡು ಸಂದಿಗೆಲ್ಲ ದಪ್ಪಗೆ ಬಣ್ಣ ತುಂಬಿ, ಈಗ ನೋಡು, ಇರುವೆ ಬರ್ಲಿ ನೋಡೋಣ ಅಂದಿದ್ದ. ಬಾಗಿಲ ಕೆಳಗೆ ಒದ್ದೆ ಗೋಣಿ, ನೆಲಕ್ಕೆ ನೀರು, ಒಳಗೆ ಬರುವ ಮುಂಚೆ ಅಂಗಿ ಕೊಡವಬೇಕು, ತಮ್ಮ ಒಂದು ಸಲ ಅಂಗಿಯನ್ನೇ ಬಿಚ್ಚಿ ಹೊರಗೆಸೆದು ಬರೀ ಮೈಯಲ್ಲಿ ಕೂತು, ಇನ್ನು ಚರ್ಮ ಒಂದು ಬಾಕಿ ಅಣ್ಣಾ, ಅದನ್ನೂ ಹೊರಗಿಟ್ಟು ಬರ್ಲಾ ಅಂದಿದ್ದ. ಸ್ಪ್ರೇ ಗನ್ನು ತಮ್ಮನ ಕೈಯಲ್ಲಿ, ಯಾವಾಗಲೂ. ಅವನ ಕೈಗೆ ಸಾಟಿಯಿಲ್ಲ, ಹಳೇ ಸೊಳ್ಳೆಪರದೆಯ ಚೂರನ್ನು ಬ್ಲೇಡಿನ ಮೇಲೆ ಬಿಗಿಯಾಗಿ ಎಳೆದು ಹಿಡಿದು ಒಂದೇ ಸಲ ಸುಯ್ಯೆಂದು ಹೊಡೆದು ಪರದೆ ತೆಗೆದರೆ ಮೀನಿನ ಹುರುಪೆ, ಒಂದೊಂದೂ ಬಿಡಿಬಿಡಿಯಾಗಿ, ದೇವರೇ ಕೂತು ಅಂಟಿಸಿದ ಹಾಗೆ. ಕೋಣೆಯೆಲ್ಲ ಮಂಜು, ಹಸಿರು ದಿನ ಹಸಿರು ಮಂಜು, ಬೆಳ್ಳಿ ದಿನ ಬೆಳ್ಳಿ ಮಂಜು, ತಮ್ಮ ಕರವಸ್ತ್ರ ಕಟ್ಟಿಕೊಳ್ಳುತ್ತಿದ್ದ ಮೂಗಿಗೆ, ಕಟ್ಟಿದ ಕರವಸ್ತ್ರದ ಒಳಮಗ್ಗುಲೂ ಸಂಜೆಗೆ ಹಸಿರಾಗಿರುತ್ತಿತ್ತು, ಅದನ್ನು ಅಣ್ಣನಾದ ಅವನು ನೋಡಿದ್ದ, ಒಳಮಗ್ಗುಲನ್ನು, ನೋಡಿ ಒಗೆಯಲು ಹಾಕಿದ್ದ. ಅಣ್ಣಾ ಒಂದ್ ಹತ್ತು ನಿಮಿಷ ಕಿಟಕಿ ತೆಗೀಲಾ, ತಲೆ ಹಿಡ್ಕೊಂಡಿದೆ — ಇನ್ನೂ ಹಸಿ ಇದೆ ಕಣೋ, ಒಂದ್ ಗಂಟೆ ತಡ್ಕೋ. ಒಂದ್ ಗಂಟೆ ತಡ್ಕೋ, ಒಂದ್ ಗಂಟೆ ತಡ್ಕೋ, ಎಷ್ಟು ಸಲ ಹೇಳಿರಬೇಕು, ದಿನಕ್ಕೊಂದು ಅಂದರೂ ಲೆಕ್ಕ ಬೇಡ, ಆ ಲೆಕ್ಕ ಬೇಡ. ತಮ್ಮ ಕೆಮ್ಮುತ್ತಿದ್ದ, ಕೆಮ್ಮುವಾಗಲೂ ಬ್ಲೇಡಿಗೆ ಬೆನ್ನು ತಿರುಗಿಸಿ ಕೆಮ್ಮುತ್ತಿದ್ದ.

ಕಣ್ಣಿಡಬೇಕು ಈಗ. ದೊಡ್ಡ ಮೊಳೆಯ ತಲೆಯನ್ನು ಹಳದಿಯಲ್ಲಿ ಅದ್ದಿ ಒಂದು ಚುಕ್ಕೆ, ಅದು ಆರಿದ ಮೇಲೆ ಗುಂಡುಸೂಜಿಯ ತಲೆಯಿಂದ ಒಳಗೊಂದು ಕಪ್ಪು, ಕಣ್ಣಿದ್ದರೆ ಮೀನು ಕಣ್ಣಿಗೇ ಕಚ್ಚುತ್ತದೆ ಅನ್ನುತ್ತಾರೆ. ಐದನೆಯದರ ಕಣ್ಣು ಕೊಂಚ ಮೇಲೆ ಹೋಯಿತು, ಆಶ್ಚರ್ಯಪಟ್ಟ ಹಾಗೆ ನೋಡುತ್ತಿದೆ, ನೋಡಬೇಡ. ಆ ಹಳೇ ಡಾಕ್ಟರು ಕೂಡ ಹಾಗೇ ಹುಬ್ಬೇರಿಸಿ ನೋಡಿದ್ದರು ಕನ್ನಡಕದ ಮೇಲಿಂದ, ಮೂರು ವರ್ಷದ ಹಿಂದೆ, ಹಸಿರು ಬಣ್ಣದ ಗೋಡೆ, ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಎದೆಗೂಡು, ಅಣ್ಣ ತಮ್ಮ ಇಬ್ಬರೂ ಎರಡು ಕುರ್ಚಿಯಲ್ಲಿ ತಪ್ಪು ಮಾಡಿದ ಹುಡುಗರ ಹಾಗೆ. ಏನ್ ಕೆಲಸ ನಿಮ್ದು, ಪೇಂಟಾ, ಸ್ಪ್ರೇನಾ, ಎಲ್ಲಿ ಕೂತು ಮಾಡ್ತೀರಿ, ಕಿಟಕಿ ತೆರೆದಿರುತ್ತಾ? ತಮ್ಮನನ್ನು ಕೇಳಿದ್ದು. ಕೆಮ್ಮು ತಮ್ಮನದು, ಎದೆ ತಮ್ಮನದು, ಉತ್ತರವೂ ತಮ್ಮನದೇ ಆಗಬೇಕಿತ್ತು, ಆದರೆ ಬಾಯಿ ಅವನದು ಮುಂದಾಯಿತು — ತೆರೆದೇ ಇರುತ್ತೆ ಸಾರ್, ದೊಡ್ಡ ಕಿಟಕಿ. ದೊಡ್ಡ ಕಿಟಕಿ ಅಂತ ಬೇರೆ ಸೇರಿಸಿದ, ಯಾರು ಕೇಳಿದ್ದರು ಅದನ್ನು. ಯಾಕೆ ಹಾಗಂದ, ಸಾವಿರ ಸಲ ಕೇಳಿಕೊಂಡಿದ್ದಾನೆ, ಭಯಕ್ಕಲ್ಲ, ಕೆಲಸ ನಿಲ್ಲುತ್ತದೆ ಅಂತಲೂ ಅಲ್ಲ, ನಾಚಿಕೆಗೆ, ಬರೀ ನಾಚಿಕೆಗೆ, ಇಷ್ಟು ವಯಸ್ಸಾದವರು ಕಿಟಕಿಯನ್ನೇ ಬಣ್ಣ ಬಳಿದು ಮುಚ್ಚಿಕೊಂಡು ಕೂತಿದ್ದೀರಾ ಅಂತ ಆ ಮನುಷ್ಯ ಕೇಳಿಬಿಟ್ಟರೆ ಅಂತ. ಡಾಕ್ಟರು ತಮ್ಮನ ಕಡೆ ತಿರುಗಿದರು, ಹೌದಾ? ತಮ್ಮ ಮೊದಲು ಅಣ್ಣನನ್ನು ನೋಡಿದ. ಆಮೇಲೆ ಡಾಕ್ಟರ ಕಡೆ ತಿರುಗಿ ತಲೆಯಾಡಿಸಿದ. ಗದ್ದ ಕೆಳಗೆ, ಗದ್ದ ಮೇಲೆ, ಒಂದೇ ಸಲ. ಡಾಕ್ಟರು ಬರೆದುಕೊಂಡರು, ಅಲರ್ಜಿ ಅಂದರು, ಸಿರಪ್ಪು ಕೊಟ್ಟರು, ತಂಪು ತಿನ್ಬೇಡಿ ಅಂದರು. ಹೊರಗೆ ಬಂದು ಚಪ್ಪಲಿ ಮೆಟ್ಟುತ್ತ ತಮ್ಮ ಅಂದದ್ದು ಒಂದೇ, ದೊಡ್ಡ ಕಿಟಕಿ ಅಂದ್ಯಲ್ಲ ಅಣ್ಣಾ, ಸ್ವಲ್ಪ ಜಾಸ್ತಿ ಆಯ್ತು. ಇಬ್ಬರೂ ನಕ್ಕರು. ದೇವರೇ, ನಕ್ಕಿದ್ದರು. ಆಮೇಲೆ ಎರಡು ವರ್ಷ ಅದೇ ಕೋಣೆ, ಅದೇ ಮಂಜು, ಸಿರಪ್ಪಿನ ಬಾಟಲಿ ಥಿನ್ನರಿನ ಡಬ್ಬದ ಪಕ್ಕದಲ್ಲೇ. ಅವತ್ತೇ ನಿಜ ಹೇಳಿದ್ದರೆ ಅವತ್ತೇ ಬಿಡಿಸುತ್ತಿದ್ದರು, ಈ ಡಾಕ್ಟರಮ್ಮ ಅದನ್ನೇ ತಾನೆ ಅಂದಿದ್ದು, ಎರಡು ವರ್ಷ ಮುಂಚೆ ಬಿಟ್ಟಿದ್ರೆ ಎದೆ ಇಷ್ಟು ಗಟ್ಟಿಯಾಗ್ತಿರಲಿಲ್ಲ. ಗಟ್ಟಿಯಾಗಿದೆ ಅಂದರು. ಆ ಮಾತನ್ನು ಕೇಳಿದಾಗ ಅವನಿಗೆ ತೋಚಿದ್ದು ಬ್ಲೇಡಿನ ಮೇಲೆ ಗಟ್ಟಿಯಾಗುವ ಬಣ್ಣ, ಥೂ, ಎಂಥ ಮನುಷ್ಯ ತಾನು.

ಚಿಕ್ಕೋನು ಐದು ವರ್ಷದವನಿದ್ದಾಗಲೂ ಹೀಗೇ ತಲೆಯಾಡಿಸಿದ್ದ. ಬಾಡಿಗೆ ಮನೆಯ ಮಾಲೀಕರ ಗಾಜಿನ ದೀಪ ಅಣ್ಣನ ಚೆಂಡಿಗೆ ಒಡೆದಿತ್ತು, ಗಾಳಿಗೆ ಬಿತ್ತು ಅಂದ ಅಪ್ಪನಿಗೆ, ಅಪ್ಪ ಚಿಕ್ಕೋನ ಕಡೆ ತಿರುಗಿದ, ಚಿಕ್ಕೋನು ಅಣ್ಣನ ಮುಖ ನೋಡಿ ಗದ್ದ ಕೆಳಗೆ, ಗದ್ದ ಮೇಲೆ. ಅಣ್ಣ ಹೇಳಿದ ಮೇಲೆ ಮುಗಿಯಿತು. ಈಗ ಕೊನೆಯ ಲೇಪ, ಇದು ಎರಡು ಬಾಟಲಿಯದು, ಬೆರೆಸಿದರೆ ಮಾತ್ರ ಗಟ್ಟಿಯಾಗುತ್ತದೆ, ದೊಡ್ಡ ಬಾಟಲಿಯ ಮೇಲೆ ತಮ್ಮನ ಕೈಬರಹದಲ್ಲಿ ಅಣ್ಣ, ಚಿಕ್ಕದರ ಮೇಲೆ ತಮ್ಮ, ಅಣ್ಣ ಎರಡು ಹನಿ, ತಮ್ಮ ಒಂದು ಹನಿ, ಕಡ್ಡಿಯಿಂದ ಗುಳ್ಳೆ ಏಳದ ಹಾಗೆ ನಿಧಾನ ಕಲಸಬೇಕು. ತಮ್ಮ ಕಮ್ಮಿಯಾದರೆ ಜನ್ಮದಲ್ಲಿ ಆರುವುದಿಲ್ಲ, ಅಂಟಂಟು, ಮುಟ್ಟಿದವರ ಬೆರಳಿಗೆಲ್ಲ. ಬೆರೆಸುವುದು ಯಾವತ್ತೂ ಚಿಕ್ಕೋನ ಕೆಲಸ, ಅವನು ಮಂಚ ಹಿಡಿದ ಮೇಲೆ ಮೊದಲ ಸಲ ತಾನೊಬ್ಬನೇ ಬೆರೆಸಿ ಇಡೀ ಕಟ್ಟು ಹಾಳು ಮಾಡಿದಾಗ ಗೋಡೆಯಾಚೆಯಿಂದ ಕ್ಷೀಣವಾಗಿ ಬಂದಿತ್ತು, ತಮ್ಮನ್ನ ಕಮ್ಮಿ ಹಾಕಿರ್ತೀಯ ನೋಡಣ್ಣಾ. ತಮಾಷೆಗೇ ಅಂದದ್ದು. ಅವನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಅತ್ತಿದ್ದ. ಈಗ ಸರಿಯಾಗಿ ಎಣಿಸುತ್ತಿದ್ದಾನೆ, ಎರಡು, ಒಂದು, ಎರಡು, ಒಂದು, ಗುರ್, ಟಕ್, ಒಳಗಿನಿಂದ ಕೆಮ್ಮು, ಉದ್ದದ್ದು, ಸ್ಟೀಲ್ ಲೋಟ ಇಟ್ಟ ಸದ್ದು, ಎಣಿಕೆ ತಪ್ಪಿತು, ಮತ್ತೆ ಮೊದಲಿಂದ. ಇವತ್ತು ಹೇಳಿಬಿಡಬೇಕು. ಉಸಿರಿರುವಾಗ ಹೇಳಬೇಕು, ಬೈಯುವುದಕ್ಕಾದರೂ ಅವನಲ್ಲಿ ಉಸಿರಿರಬೇಕು, ಡಾಕ್ಟರಮ್ಮ ಕಾರಿಡಾರಿನಲ್ಲಿ ಅವನನ್ನೊಬ್ಬನನ್ನೇ ಕರೆದು ಹೇಳಿದ್ದಾರೆ, ತಿಂಗಳು ಅಂತ ಇಟ್ಕೊಳಿ, ಜಾಸ್ತಿ ಬೇಡ. ಅದನ್ನು ತಮ್ಮನ ಹೆಂಡತಿಗೂ ಹೇಳಿಲ್ಲ ಅವನು. ನನ್ನ ತಪ್ಪು ಕಣೋ, ನನ್ನ ಗರ್ವ, ಬಾಯಿಬಿಟ್ಟು ಬಯ್ಯೋ ಒಂದು ಸಲ, ಹೊಡಿ ಬೇಕಾದರೆ, ಇಷ್ಟೇ ತಾನೆ ಹೇಳಬೇಕಾದ್ದು, ಹತ್ತು ಮಾತು ಇಲ್ಲ, ಇದನ್ನು ಹೊತ್ತುಕೊಂಡು ಅವನಿಲ್ಲದ ಮನೆಯಲ್ಲಿ ಹೇಗೆ ಇರುವುದು, ಯಾರಿಗೆ ಹೇಳುವುದು ಆಮೇಲೆ, ತಗಡಿಗಾ.

ಹಾಕಿದ ಲೇಪ ಮೇಲ್ಮೈಯಲ್ಲಿ ಬಿಗಿಯುವವರೆಗೆ ಕಾಯ್ದ, ಮಧ್ಯಾಹ್ನದ ಬಿಸಿಲು ಗೋಡೆಯಿಂದ ನೆಲಕ್ಕೆ ಇಳಿಯಿತು, ಬೀದಿಯಲ್ಲಿ ಯಾರೋ ಗಾಡಿ ತೊಳೆಯುತ್ತಿದ್ದಾರೆ, ಹನ್ನೆರಡರಲ್ಲಿ ಒಂದನ್ನೂ ಕನ್ನಡಿ ಅನ್ನುವ ಹಾಗಿಲ್ಲ, ಒಂದೊಂದರ ಮೇಲೂ ಸಣ್ಣ ಸಣ್ಣ ಗಂಟು, ಮರಳು ಎರಚಿದಂತೆ. ಅವುಗಳಲ್ಲೇ ಒಂದನ್ನು ತೂತಿಗೆ ತಂತಿ ಸಿಕ್ಕಿಸಿಕೊಂಡು ಹಿಡಿದು, ಅಂಗಿ ಕೊಡವಿ — ಅಭ್ಯಾಸ, ಹೊರಗೆ ಹೋಗುವಾಗ ಯಾರು ಕೊಡವುತ್ತಾರೆ — ಒಳಗೆ ಹೋದ. ಅವಳು ಇರಬಾರದಿತ್ತು, ಇದ್ದಾಳೆ, ಮಂಚದ ಅಂಚಿಗೆ ಕೂತು ಚಮಚದಲ್ಲಿ ನೀರು ಕುಡಿಸುತ್ತಿದ್ದಾಳೆ. ತಮ್ಮನ ಕುತ್ತಿಗೆಯ ಎರಡೂ ಕಡೆ ಹಗ್ಗದ ಹಾಗೆ ನರ, ಒಂದೊಂದು ಉಸಿರಿಗೂ ಅದು ಬಿಗಿಯುತ್ತದೆ, ಮುಖ ಮಾತ್ರ ಅದೇ ಚಿಕ್ಕೋನದು, ಅಣ್ಣನನ್ನು ಕಂಡು ಹುಬ್ಬು ಹಾರಿಸಿದ, ಕೈ ಚಾಚಿದ, ಕೊಡು. ಕೊಟ್ಟ. ಹೆಬ್ಬೆರಳು ಬ್ಲೇಡಿನ ಮೇಲೆ ನಿಧಾನ ಹೋಯಿತು, ನಿಂತಿತು, ಹೋಯಿತು, ಮತ್ತೆ ನಿಂತಿತು. ಧೂಳು, ಅಂದ. ಉಸಿರು. ಏನಣ್ಣಾ ಇದು... ನಮ್ದಾ? ನಮ್ದೇ ಕಣೋ, ಕಿಟಕಿ ತೆಗೆದಿದೀನಿ. ಯಾಕೆ, ಅಂದ ತಮ್ಮ, ನಿಜವಾಗಿಯೂ ಅರ್ಥವಾಗದವನ ಹಾಗೆ, ಕೆಲಸ ಕೆಡಿಸಿದ್ದಕ್ಕೆ ಬೇಸರವಾದವನ ಹಾಗೆ, ಮುಚ್ಬಾರ್ದಾ... ಹಸಿ ಇರೋವಾಗ. ಅಷ್ಟಕ್ಕೇ ಅಣ್ಣ ಮಂಚದ ಕಾಲು ಹಿಡಿದು ಕೆಳಗೇ ಕೂತುಬಿಟ್ಟ, ಅವಳಿದ್ದರೆ ಇರಲಿ, ಕೇಳಲಿ, ಕೇಳಬೇಕಾದವಳೇ ಅವಳು, ಯಾವತ್ತೂ ತೆಗೆದಿರಲಿಲ್ಲ ಕಣಮ್ಮ, ಇಪ್ಪತ್ತೆರಡು ವರ್ಷ ಮುಚ್ಚೇ ಇಟ್ಟಿದ್ದೆ, ನಾನೇ ಬಣ್ಣ ಬಳಿದು ಮುಚ್ಚಿದ್ದೆ, ಇವನು ಕೇಳ್ದಾಗೆಲ್ಲ ಬೇಡ ಅಂದೆ, ಆ ಡಾಕ್ಟರಿಗೆ ಸುಳ್ಳು ಹೇಳ್ದೆ, ಬೆಳಗ್ಗೆ ನಿನಗೂ ಸುಳ್ಳು ಹೇಳ್ದೆ. ಚಮಚ ಲೋಟದ ಅಂಚಿಗೆ ತಾಗಿ ನಿಂತಿತು. ಮಶೀನು ಗುರ್ ಅಂದಿತು. ಅವಳು ಅವನನ್ನು ನೋಡಲಿಲ್ಲ, ಗಂಡನ ಕಡೆ ತಿರುಗಿದಳು, ತೀರ ಸಣ್ಣ ದನಿಯಲ್ಲಿ, ಹೌದೇನ್ರೀ? ಮುಚ್ಚಿತ್ತಾ ಕಿಟಕಿ?

ತಮ್ಮ ಮೊದಲು ಅಣ್ಣನನ್ನು ನೋಡಿದ. ಬೇಡ ಕಣೋ, ಬೇಡ, ಈ ಒಂದು ಸಲ ಬೇಡ, ನಿಜ ಹೇಳು, ನನ್ನ ಮುಖ ನೋಡಬೇಡ, ಅವಳನ್ನು ನೋಡು, ಹೇಳು. ತಮ್ಮ ಹೆಂಡತಿಯ ಕಡೆ ತಿರುಗಿದ, ಮಾತಿಗೆ ಬೇಕಾದ ಉಸಿರನ್ನು ಎಲ್ಲಿಂದಲೋ ಕೂಡಿಸಿಕೊಂಡ, ಒಂದು, ಎರಡು, ಮೂರು ಸಲ ಎದೆ ಎಳೆಯಿತು, ತೆರೆದಿತ್ತು, ಅಂದ, ದೊಡ್ಡ ಕಿಟಕಿ... ಅಣ್ಣ ಸುಮ್ನೆ... ಏನೇನೋ ಹೇಳ್ತಾನೆ. ಅವಳು ಲೋಟ ಕೆಳಗಿಟ್ಟಳು. ತಮ್ಮ ತಲೆಯಾಡಿಸಿದ. ಗದ್ದ ಕೆಳಗೆ ಹೋಯಿತು, ಮೂಗಿನ ಕೊಳವೆಯೂ ಅದರ ಜೊತೆ ಕೆಳಗೆ, ಗದ್ದ ಮೇಲೆ ಬಂತು, ಕೊಳವೆಯೂ ಮೇಲೆ. ಗದ್ದ ಕೆಳಗೆ. ಕೊಳವೆ ಕೆಳಗೆ. ಗದ್ದ ಮೇಲೆ. ಕೊಳವೆ ಮೇಲೆ.